ಡ್ಯಾನ್ಯೂಬ್ ಸೇರುವ ಎರಡು ಮೊರಾವಾ ನದಿಗಳು

ಯುರೋಪಿನ ಡ್ಯಾನ್ಯೂಬ್ ನದಿಗೆ ಮೊರಾವಾ ಎಂಬ ಒಂದೇ ಹೆಸರಿನ ಎರಡು ಉಪನದಿಗಳಿವೆ. ಒಂದು ಜೆಕ್ ನಾಡಿನ ಉತ್ತರದ ಬೆಟ್ಟಗಳಲ್ಲಿ ಹುಟ್ಟಿ, ದಕ್ಷಿಣಕ್ಕೆ ಹರಿದು, ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದ ಸಮೀಪ ಡೆವಿನ್ ಕೋಟೆಯ ಬುಡದಲ್ಲಿ ಡ್ಯಾನ್ಯೂಬನ್ನು ಕೂಡಿಕೊಂಡರೆ, ಇನ್ನೊಂದು ಸರ್ಬಿಯಾದಲ್ಲಿ ದಕ್ಷಿಣ ಮೊರಾವಾ ಮತ್ತು ಪಶ್ಚಿಮ ಮೊರಾವಾಗಳ ಸಂಗಮದಿಂದ ರೂಪುಗೊಂಡು, ಉತ್ತರಾಭಿಮುಖವಾಗಿ ಸಾಗಿ ಅದೇ ಮಹಾನದಿಯನ್ನು ಸೇರುತ್ತದೆ.

ರೋಮನ್ನರಿಗೆ ಇವು ಬೇರೆ ಬೇರೆ ಹೆಸರಿನ ನದಿಗಳಾಗಿದ್ದವು: ಉತ್ತರದ್ದು ಮಾರುಸ್, ದಕ್ಷಿಣದ್ದು ಮಾರ್ಗುಸ್. ಮುಂದೆ ಎರಡೂ ಕಣಿವೆಗಳಲ್ಲಿ ನೆಲೆಸಿದ ಸ್ಲಾವ್ ಭಾಷಿಕರು ಆ ಹಳೆಯ ಹೆಸರುಗಳನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡಾಗ ಎರಡೂ ಮೊರಾವಾ ಆದವು.

ಹೀಗೆ ಹೆಸರು ಒಂದಾದುದರಿಂದ, ಹಳೆಯ ದಾಖಲೆಯೊಂದು ಹೇಳುವ ಮೊರಾವಾ ಯಾವುದೆಂಬ ಪ್ರಶ್ನೆ ನಿಜವಾಗಿಯೂ ಗಂಭೀರವಾದುದು. 9ನೆಯ ಶತಮಾನದ ಮಹಾ ಮೊರಾವಿಯಾ ಎಂಬ ಸ್ಲಾವ್ ರಾಜ್ಯಕ್ಕೆ, 863ರ ಸುಮಾರಿಗೆ, ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸೋದರರು ಸ್ಲಾವ್ ಭಾಷೆಗೆಂದೇ ರೂಪಿಸಿದ ಗ್ಲಾಗೊಲಿಟಿಕ್ ಲಿಪಿಯೊಡನೆ ಬಂದರು. ಆ ರಾಜ್ಯ ಉತ್ತರದ ಮೊರಾವಾ ಕಣಿವೆಯಲ್ಲಿತ್ತೆಂಬ ರೂಢಿಯ ಅಭಿಪ್ರಾಯವನ್ನು 1971ರಲ್ಲಿ ಇತಿಹಾಸಕಾರ ಇಮ್ರೆ ಬೋಬಾ ಪ್ರಶ್ನಿಸಿ, ಅದರ ನೆಲೆ ದಕ್ಷಿಣದಲ್ಲಿ, ಪ್ರಾಚೀನ ಸಿರ್ಮಿಯಂ ಪಟ್ಟಣದ ಸುತ್ತ ಇತ್ತೆಂದು ವಾದಿಸಿದರು. ಬೋಬಾ ಅವರ ಪ್ರಶ್ನೆ ಉಪಯುಕ್ತವಾದುದೇ. ಆದರೂ ಬಹುಪಾಲು ವಿದ್ವಾಂಸರು ಅದನ್ನು ಒಪ್ಪಿಲ್ಲ, ಏಕೆಂದರೆ ಜೆಕ್ ನಾಡಿನ ಮಿಕುಲ್ಚಿತ್ಸೆಯ ಉತ್ಖನನದಲ್ಲಿ, ಅಂದರೆ ನೆಲ ಅಗೆದು ನಡೆಸಿದ ಶೋಧದಲ್ಲಿ, 9ನೆಯ ಶತಮಾನದ ಕೋಟೆಗೋಡೆ, ಕಲ್ಲಿನ ಚರ್ಚುಗಳ ತಳಪಾಯ ಮತ್ತು ಸಿರಿವಂತರ ಸಮಾಧಿಗಳು ಉತ್ತರದ ಮೊರಾವಾ ತೀರದಲ್ಲೇ ದೊರೆತಿವೆ.