ಕ್ಯಾಮೆರಾಕ್ಕೂ ಒಂದು ವಿಳಾಸವುಂಟು

ಪೀಣ್ಯದ ಯಾವ ಅಡ್ಡರಸ್ತೆಯಲ್ಲಿ ನಿಂತು ನೋಡಿದರೂ ಶೆಡ್ಡಿನ ಬಾಗಿಲ ಮೇಲೊಂದು ಕ್ಯಾಮೆರಾ ಕಣ್ಣಿಗೆ ಬೀಳುತ್ತದೆ. ವೈಟ್‌ಫೀಲ್ಡಿನ ಪೇಯಿಂಗ್ ಗೆಸ್ಟ್ ವಸತಿಗಳಾಗಲಿ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಾಗಲಿ ಇದಕ್ಕೆ ಹೊರತಲ್ಲ. ಜನ ಹೆಚ್ಚಾಗಿ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ, ಅದರ ದೃಶ್ಯಗಳನ್ನು 30 ದಿನ ಕಾಪಾಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೂ ವಿಧಿಸುತ್ತದೆ. ಆದರೆ ಕ್ಯಾಮೆರಾ ಕೊಂಡವರಲ್ಲಿ ಅನೇಕರು ಅದರ ಪಾಸ್‌ವರ್ಡ್ ಏನೆಂಬುದನ್ನೂ ಅಳವಡಿಸಿದ ತಂತ್ರಜ್ಞನಿಗೇ ಬಿಟ್ಟಿರುತ್ತಾರೆ. ಆತ ಕೆಲಸ ಬದಲಿಸಿದರೆ ಕ್ಯಾಮೆರಾದ ಬೀಗದ ಕೈಯೂ ಆತನೊಡನೆ ಹೋದಂತೆಯೇ. ಅದನ್ನು ತಮ್ಮಲ್ಲಿಯೇ ಇರಿಸಿಕೊಳ್ಳಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಕೆಲವು ಪದಗಳ ಅರ್ಥ ತಿಳಿದರೆ ಸಾಕು.

ಹಳೆಯ ಸಿಸಿಟಿವಿ ಕ್ಯಾಮೆರಾ ದೃಶ್ಯವನ್ನು ಕೇಬಲ್ ಮೂಲಕ ರೆಕಾರ್ಡರಿಗೆ ಕಳುಹಿಸುವುದನ್ನಷ್ಟೇ ಬಲ್ಲದು. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಸಂಸ್ಥೆ ಮಾರುಕಟ್ಟೆಗೆ ತಂದ ನೆಟ್‌ವರ್ಕ್ ಕ್ಯಾಮೆರಾ ಬೇರೆ ಜಾತಿಯದು. ಅದರ ಮಸೂರದ ಹಿಂದೆ ಪುಟ್ಟದೊಂದು ಕಂಪ್ಯೂಟರೇ ಇರುತ್ತದೆ. ಜಾಲದಲ್ಲಿರುವ ಎಲ್ಲ ಕಂಪ್ಯೂಟರುಗಳಂತೆ ಅದಕ್ಕೂ ಒಂದು ವಿಳಾಸ ಬೇಕು. ಅದೇ ಐಪಿ ವಿಳಾಸ. ಉದಾಹರಣೆಗೆ 192.168.1.64.

192.168 ಎಂದು ಆರಂಭವಾಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲು. ಒಂದು ಕಾರ್ಖಾನೆಯೊಳಗಷ್ಟೇ ಅವುಗಳಿಗೆ ಅರ್ಥವುಂಟು; ಪಕ್ಕದ ಕಾರ್ಖಾನೆಯಲ್ಲಿಯೂ ಇದೇ ಸಂಖ್ಯೆ ಇರಬಹುದು. ಈ ವಿಳಾಸಗಳನ್ನು ಹಂಚುವ ಕೆಲಸ ಸಾಮಾನ್ಯವಾಗಿ ರೌಟರಿನದು. ಈ ಏರ್ಪಾಡಿಗೆ ಡಿಎಚ್‌ಸಿಪಿ ಎಂದು ಹೆಸರು. ತೊಡಕು ಹುಟ್ಟುವುದು ಇಲ್ಲಿಯೇ. ವಿದ್ಯುತ್ ಹೋಗಿ ಬಂದ ಮೇಲೆ ರೌಟರ್ ಕ್ಯಾಮೆರಾಕ್ಕೆ ಬೇರೊಂದು ವಿಳಾಸ ಕೊಟ್ಟರೆ, ರೆಕಾರ್ಡರ್ ಹಳೆಯ ವಿಳಾಸದಲ್ಲಿಯೇ ಹುಡುಕುತ್ತಿರುತ್ತದೆ. ಕ್ಯಾಮೆರಾ ಕೆಟ್ಟಿದೆ ಎಂದು ಮಾಲೀಕರು ಭಾವಿಸುತ್ತಾರೆ. ಆದುದರಿಂದ ಕ್ಯಾಮೆರಾಗಳಿಗೆ ಸ್ಥಿರ ವಿಳಾಸ ಕೊಡಿಸಿ, ಅದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಲೇಸು.

ಸಬ್‌ನೆಟ್ ಮಾಸ್ಕ್ ಎಂಬುದು ಹೆಸರಿಗಷ್ಟೇ ಕಠಿಣ. 255.255.255.0 ಎಂದಿದ್ದರೆ, ವಿಳಾಸದ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರುವ ಸಾಧನಗಳೆಲ್ಲ ಒಂದೇ ಬೀದಿಯವು ಎಂದರ್ಥ. ಬೀದಿಯಿಂದ ಹೊರಹೋಗುವ ದಾರಿಯೇ ಗೇಟ್‌ವೇ. ಬಹುತೇಕ ಕಡೆ ಅದು ರೌಟರಿನ ವಿಳಾಸ.

ಇನ್ನು ಪೋರ್ಟ್. ಐಪಿ ವಿಳಾಸವು ಕಟ್ಟಡವಾದರೆ ಪೋರ್ಟ್ ಅದರೊಳಗಿನ ಕೋಣೆಯ ಸಂಖ್ಯೆ. ಕ್ಯಾಮೆರಾದ ವೆಬ್ ಪುಟ 80 ಅಥವಾ 443ರಲ್ಲಿ, ನೇರ ದೃಶ್ಯ ಸಾಮಾನ್ಯವಾಗಿ 554ರಲ್ಲಿ ದೊರೆಯುತ್ತದೆ. ಮನೆಯಲ್ಲಿ ಕುಳಿತು ಶೆಡ್ಡನ್ನು ನೋಡಬೇಕೆಂದಾಗ ತಂತ್ರಜ್ಞರು ಹಿಂದಿನಿಂದಲೂ ಮಾಡುತ್ತ ಬಂದಿರುವುದು ಪೋರ್ಟ್ ಫಾರ್ವರ್ಡಿಂಗ್. ರೌಟರಿನ ಹೊರಗೋಡೆಯಲ್ಲೊಂದು ಬಾಗಿಲು ತೆರೆದು, ಬಂದವರನ್ನು ನೇರವಾಗಿ ಕ್ಯಾಮೆರಾದ ಬಳಿಗೆ ಕಳುಹಿಸುವ ಕ್ರಮವಿದು. ಆ ಬಾಗಿಲು ಮಾಲೀಕರಿಗೆ ಮಾತ್ರವಲ್ಲ, ಜಗತ್ತಿಗೇ ತೆರೆದಿರುತ್ತದೆ.

ಪರಿಣಾಮ ಏನೆಂಬುದು 2016ರಲ್ಲಿಯೇ ತಿಳಿದುಹೋಯಿತು. ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರ್ ಮತ್ತು ರೌಟರುಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಅದರ ಬತ್ತಳಿಕೆಯಲ್ಲಿದ್ದುದು ಅರವತ್ತರಷ್ಟು ಪಾಸ್‌ವರ್ಡ್‌ಗಳ ಪಟ್ಟಿ ಮಾತ್ರ. ಇಂತಹ ಸಾಧನಗಳ ಪಡೆ ಅದೇ ವರ್ಷದ ಅಕ್ಟೋಬರ್ 21ರಂದು ಅಮೆರಿಕದ ಡೈನ್ ಸಂಸ್ಥೆಯ ಮೇಲೆ ಎರಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳೇ ತತ್ತರಿಸಿದವು. ಇದು ದೂರದ ಮಾತೆಂದು ಕಡೆಗಣಿಸುವಂತಿಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಯೂಟ್ಯೂಬ್ ಹಾಗೂ ಟೆಲಿಗ್ರಾಂನಲ್ಲಿ ಕಾಣಿಸಿಕೊಂಡವು. ಹೆಣ್ಣುಮಕ್ಕಳ ವಸತಿಗೃಹ ನಡೆಸುವವರು ಇದನ್ನು ನೆನಪಿನಲ್ಲಿಡಬೇಕು.

ಪೋರ್ಟ್ ಫಾರ್ವರ್ಡಿಂಗ್ ಮಾಡಿದರೂ ಕೆಲವೆಡೆ ಕ್ಯಾಮೆರಾ ಹೊರಗಿನಿಂದ ಕಾಣುವುದಿಲ್ಲ. ಸಾರ್ವಜನಿಕ ವಿಳಾಸಗಳ ಕೊರತೆಯಿಂದಾಗಿ ಇಂಟರ್ನೆಟ್ ಸಂಸ್ಥೆಗಳು ಒಂದೇ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವುದೇ ಇದಕ್ಕೆ ಕಾರಣ. ರೌಟರಿನ ಹೊರವಿಳಾಸ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಆರಂಭವಾಗಿದ್ದರೆ ಸಂಪರ್ಕ ಇಂತಹುದೇ ಎಂದು ತಿಳಿಯಬಹುದು. ಆಗ ಸ್ಥಿರ ಸಾರ್ವಜನಿಕ ವಿಳಾಸವನ್ನು ಹಣ ಕೊಟ್ಟು ಪಡೆಯಬೇಕು, ಇಲ್ಲವೇ ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ ಜೋಡಿಸುವ ಪಿ2ಪಿ ಸೌಲಭ್ಯ ಬಳಸಬೇಕು. ಪಿ2ಪಿಯಲ್ಲಿ ಕ್ಯಾಮೆರಾ ತಾನಾಗಿ ತಯಾರಕರ ಸರ್ವರನ್ನು ಸಂಪರ್ಕಿಸುತ್ತದೆ, ಮೊಬೈಲೂ ಅಲ್ಲಿಗೇ ಬರುತ್ತದೆ. ರೌಟರಿನಲ್ಲಿ ಬಾಗಿಲು ತೆರೆಯಬೇಕಿಲ್ಲ; ಆದರೆ ತಯಾರಕರನ್ನು ನಂಬಬೇಕಾಗುತ್ತದೆ. ಇಂತಹ ಆತಂಕದ ಹಿನ್ನೆಲೆಯಲ್ಲಿಯೇ, ಭದ್ರತಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಿಸಿಟಿವಿ ಕ್ಯಾಮೆರಾಗಳನ್ನಷ್ಟೇ ಮಾರಬೇಕೆಂಬ ಕೇಂದ್ರ ಸರ್ಕಾರದ ನಿಯಮ 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ವಿಪಿಎನ್ ಎಂಬ ಗುಪ್ತ ಸುರಂಗ ಇವೆರಡಕ್ಕಿಂತಲೂ ಸುರಕ್ಷಿತ. ಅದನ್ನು ರೂಪಿಸಲು ತುಸು ಶ್ರಮ ಬೇಕು.

ಲೆಕ್ಕಪತ್ರದ ಕಂಪ್ಯೂಟರ್ ಮತ್ತು ಕ್ಯಾಮೆರಾ ಒಂದೇ ಜಾಲದಲ್ಲಿ ಇರಬಾರದು. ಒಂದೇ ಸ್ವಿಚ್ಚಿನಲ್ಲಿ ಬೇರೆ ಬೇರೆ ಓಣಿಗಳನ್ನು ಕಲ್ಪಿಸುವ ವಿಎಲ್ಎಎನ್ ವ್ಯವಸ್ಥೆ ಇರುವುದು ಅದಕ್ಕಾಗಿಯೇ.

ಬಿಟ್ ಮತ್ತು ಬೈಟ್‌ಗಳ ಗೊಂದಲವೂ ದುಬಾರಿಯೇ. ಜಾಲದ ವೇಗವನ್ನು ಅಳೆಯುವುದು ಬಿಟ್‌ಗಳಲ್ಲಿ, ಡಿಸ್ಕನ್ನು ಬೈಟ್‌ಗಳಲ್ಲಿ. 8 ಬಿಟ್‌ಗೆ 1 ಬೈಟ್. ಸೆಕೆಂಡಿಗೆ 4 ಮೆಗಾಬಿಟ್ ಕಳುಹಿಸುವ ಕ್ಯಾಮೆರಾ ದಿನಕ್ಕೆ ಸುಮಾರು 43 ಗಿಗಾಬೈಟ್ ತುಂಬುತ್ತದೆ. 8 ಕ್ಯಾಮೆರಾಗಳಿದ್ದರೆ 1 ಟೆರಾಬೈಟ್ ಡಿಸ್ಕ್ ಮೂರು ದಿನಕ್ಕೆ ತುಂಬಿ, ರೆಕಾರ್ಡರ್ ಹಳೆಯದರ ಮೇಲೆಯೇ ಬರೆಯತೊಡಗುತ್ತದೆ. 30 ದಿನ ಉಳಿಯಬೇಕಾದರೆ 10 ಟೆರಾಬೈಟಿಗೂ ಮಿಗಿಲಾದ ಜಾಗ ಬೇಕು. ಎಚ್.265 ಸಂಕುಚನ ಬಳಸಿದರೆ ಇದು ಅರ್ಧದಷ್ಟಾಗಬಹುದು. ಕಳವು ನಡೆದು ಹತ್ತು ದಿನದ ನಂತರ ದೃಶ್ಯ ಹುಡುಕಲು ಹೊರಟವರಿಗೆ ಈ ಲೆಕ್ಕದ ಬೆಲೆ ತಿಳಿಯುತ್ತದೆ.

ಕಡೆಯದು ಎನ್‌ಟಿಪಿ. ಕ್ಯಾಮೆರಾದ ಗಡಿಯಾರವನ್ನು ಜಾಲದ ಮೂಲಕ ಸರಿಪಡಿಸುವ ವ್ಯವಸ್ಥೆಯಿದು. ಕಾಲವಲಯವನ್ನು ಭಾರತಕ್ಕೆ ಹೊಂದಿಸದಿದ್ದರೆ ರಾತ್ರಿ ಎರಡು ಗಂಟೆಯ ಘಟನೆ ಹಿಂದಿನ ದಿನದ ರಾತ್ರಿ ಎಂಟೂವರೆಗೆ ನಡೆದಂತೆ ದಾಖಲಾಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂತಹ ದೃಶ್ಯದ ಪ್ರತಿಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಪ್ರಮಾಣಪತ್ರವೂ ಬೇಕು. ಐದೂವರೆ ಗಂಟೆ ತಪ್ಪಿದ ಗಡಿಯಾರದ ಬಗ್ಗೆ ಎದುರು ಪಕ್ಷದ ವಕೀಲರು ಪ್ರಶ್ನಿಸದೆ ಬಿಡಲಾರರು.