ಕಾರು ಹೊರುವ ಹಡಗು, ಜನ ಹೊರುವ ವಿಮಾನ

ಅಡಿಲೇಡ್ ನಗರದ ಉತ್ತರಕ್ಕಿರುವ ಬ್ಲೇರ್ ಅಥಾಲ್ ಬಡಾವಣೆಯಿಂದ ಟಾಸ್ಮೇನಿಯಾಕ್ಕೆ ಹೊರಟವರ ಮುಂದೆ ಮೂರು ದಾರಿಗಳಿವೆ. ಅಡಿಲೇಡ್ ವಿಮಾನನಿಲ್ದಾಣದಿಂದ ಹೋಬಾರ್ಟ್‌ಗೆ ನೇರವಾಗಿ ಹಾರಬಹುದು. ಸುಮಾರು 1,160 ಕಿ.ಮೀ. ದೂರ, ಹೆಚ್ಚುಕಡಿಮೆ ಎರಡು ಗಂಟೆಯ ಮಾತು. ಇಲ್ಲವೇ ಕಾರಿನಲ್ಲಿ ವಿಕ್ಟೋರಿಯಾ ರಾಜ್ಯದ ಜೀಲಾಂಗ್‌ವರೆಗೆ ಸುಮಾರು 700 ಕಿ.ಮೀ. ಓಡಿಸಿಕೊಂಡು ಹೋಗಿ, ಕಾರಿನ ಸಮೇತ ಹಡಗು ಹತ್ತಬಹುದು. ಮೂರನೆಯದು ರೈಲು ಪ್ರಿಯರ ದಾರಿ. ಅಡಿಲೇಡ್–ಮೆಲ್ಬರ್ನ್ ನಡುವೆ ವಾರಕ್ಕೆ ಎರಡು ಸಲ ಓಡುವ ‘ಓವರ್‌ಲ್ಯಾಂಡ್’ ರೈಲು ಜೀಲಾಂಗ್‌ನ ನಾರ್ತ್ ಶೋರ್‌ನಲ್ಲಿ ನಿಲ್ಲುತ್ತದೆ. ಹಡಗುಕಟ್ಟೆಯೂ ಅದೇ ಕೊರಿಯೊ ಕೊಲ್ಲಿಯ ದಡದಲ್ಲಿದೆ. ರೈಲಿಳಿದು ಹಡಗು ಹತ್ತಿದರೆ ಬೆಳಗಾಗುವಷ್ಟರಲ್ಲಿ ಟಾಸ್ಮೇನಿಯಾದ ಡೆವನ್‌ಪೋರ್ಟ್.

ಪರಿಸರದ ಚಿಂತೆಯುಳ್ಳವರು ವಿಮಾನ ಬೇಡವೇ ಬೇಡ, ಹಡಗೇ ಸರಿ ಎನ್ನುತ್ತಾರೆ. ಆ ಮಾತು ಅರ್ಧ ನಿಜ. ಯಾವ ಅರ್ಧ ನಿಜವೆಂದು ತಿಳಿಯಬೇಕಾದರೆ ಹಡಗಿನ ಹೊಟ್ಟೆಯೊಳಕ್ಕೆ ಇಳಿಯಬೇಕು.

ಅದಕ್ಕೆ ಮೊದಲು ರೈಲಿನ ಮಾತು ಮುಗಿಸಿಬಿಡೋಣ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಎದುರಾಗುವ ತಡೆ ಬಲು ಕಡಿಮೆ. ನೆಲದ ಮೇಲಿನ ಯಂತ್ರಗಳಲ್ಲಿ ಇದಕ್ಕಿಂತ ಮಿತವ್ಯಯಿ ಸಿಗುವುದು ಕಷ್ಟ. ಆದರೆ ರೈಲಿಗೆ ನೆಲ ಬೇಕು. ಪಾಂಬನ್‌ನಲ್ಲಿ 1914ರಲ್ಲೇ ಸಮುದ್ರದ ಮೇಲೆ ಸೇತುವೆ ಹಾಕಿದರು, 2025ರ ಏಪ್ರಿಲ್‌ನಲ್ಲಿ ಪಕ್ಕದಲ್ಲೇ ಹೊಸದು ಬಂತು; ಅದರ ಉದ್ದ ಎರಡು ಕಿ.ಮೀ. ಚಿಲ್ಲರೆ. ಇಂಗ್ಲೆಂಡ್–ಫ್ರಾನ್ಸ್ ನಡುವಿನ 1994ರ ಸುರಂಗದಲ್ಲಿ ಸಮುದ್ರದಡಿಯ ಭಾಗವೇ ಸುಮಾರು 38 ಕಿ.ಮೀ., ಜಗತ್ತಿನಲ್ಲಿ ಅದಕ್ಕಿಂತ ಉದ್ದದ್ದು ಇನ್ನೂ ಇಲ್ಲ. ಆಸ್ಟ್ರೇಲಿಯಾದ ಮುಖ್ಯನೆಲಕ್ಕೂ ಟಾಸ್ಮೇನಿಯಾಕ್ಕೂ ನಡುವಿನ ಬಾಸ್ ಜಲಸಂಧಿಯ ಅಗಲ ಸುಮಾರು 240 ಕಿ.ಮೀ. ಹೇಗೋ ದಾಟಿಸಿದರೂ ಆಚೆ ದಡದಲ್ಲಿ ರೈಲಿಗೆ ಕೆಲಸವಿಲ್ಲ. ಅಲ್ಲಿನ ಹಳಿಗಳ ಅಂತರ 1,067 ಮಿ.ಮೀ., ಇಲ್ಲಿಯದು 1,435 ಮಿ.ಮೀ. ಸಾಲದ್ದಕ್ಕೆ ಟಾಸ್ಮೇನಿಯಾದಲ್ಲಿ ಪ್ರವಾಸಿಗರ ಆಟದ ಬಂಡಿಗಳನ್ನು ಬಿಟ್ಟರೆ ಪ್ರಯಾಣಿಕರ ರೈಲು 1978ರಲ್ಲೇ ನಿಂತುಹೋಗಿದೆ.

ಇನ್ನು ಹಡಗು. ಜೀಲಾಂಗ್–ಡೆವನ್‌ಪೋರ್ಟ್ ನಡುವೆ ಓಡಾಡುತ್ತ ಬಂದ ‘ಸ್ಪಿರಿಟ್ ಆಫ್ ಟಾಸ್ಮೇನಿಯಾ’ ಜೋಡಿ ಹುಟ್ಟಿದ್ದು 1998ರಲ್ಲಿ, ಫಿನ್ಲೆಂಡ್‌ನಲ್ಲಿ. ಮೊದಲು ಗ್ರೀಸ್‌ನ ಕಂಪನಿಯೊಂದಕ್ಕಾಗಿ ಯೂರೋಪಿನ ಕಡಲಲ್ಲಿ ಓಡುತ್ತಿದ್ದವು, 2002ರಲ್ಲಿ ಟಾಸ್ಮೇನಿಯಾ ಸರಕಾರದ ಟಿಟಿ-ಲೈನ್ ಸಂಸ್ಥೆ ಕೊಂಡಿತು. 194 ಮೀಟರ್ ಉದ್ದದ ಈ ಹಡಗುಗಳಲ್ಲಿ 1,400 ಜನ, ಸುಮಾರು 500 ಕಾರು ಹಿಡಿಸುತ್ತವೆ. ಇವು ರೋ-ರೋ ಜಾತಿಯವು. ಸುರತ್ಕಲ್‌ನಲ್ಲಿ ಲಾರಿಗಳು ಸಾಲಾಗಿ ಕೊಂಕಣ ರೈಲಿನ ಬೋಗಿಗಳನ್ನೇರುವುದನ್ನು ಕಂಡವರಿಗೆ ಈ ಹೆಸರು ಹೊಸದಲ್ಲ. ಕ್ರೇನಿನ ಗೊಡವೆಯಿಲ್ಲದೆ ವಾಹನ ತನ್ನ ಗಾಲಿಯ ಮೇಲೆ ತಾನೇ ಹತ್ತಿ, ತಾನೇ ಇಳಿಯುವ ಏರ್ಪಾಡು.

ಈ ಅನುಕೂಲಕ್ಕಾಗಿ ಹಡಗಿನ ವಿನ್ಯಾಸಕರು ದೊಡ್ಡ ಬೆಲೆ ತೆರುತ್ತಾರೆ. ಸಾಮಾನ್ಯ ಹಡಗಿನ ಒಡಲನ್ನು ಅಡ್ಡಗೋಡೆಗಳಿಂದ ಕೋಣೆಕೋಣೆಯಾಗಿ ಸೀಳಿರುತ್ತಾರೆ. ಒಂದು ಕಡೆ ನೀರು ನುಗ್ಗಿದರೆ ಅಲ್ಲೇ ನಿಲ್ಲುತ್ತದೆ. ಕಾರಿನ ಅಟ್ಟದಲ್ಲಿ ಗೋಡೆ ಹಾಕುವ ಹಾಗಿಲ್ಲ, ಕಾರು ಹಾಯಬೇಕಲ್ಲ. ಅಲ್ಲಿ ಮೊಳಕಾಲುದ್ದ ನೀರು ಸೇರಿದರೂ ಸಾಕು, ಹಡಗು ಎಡಕ್ಕೆ ವಾಲಿದಾಗ ನೀರೆಲ್ಲ ಎಡಕ್ಕೆ ಹರಿದು ವಾಲನ್ನು ಹೆಚ್ಚಿಸುತ್ತದೆ, ಹೆಚ್ಚಿದ ವಾಲು ಇನ್ನಷ್ಟು ನೀರನ್ನು ಎಳೆಯುತ್ತದೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗ್ ಬಂದರಿನಿಂದ ಮೂತಿಯ ಬಾಗಿಲು ಮುಚ್ಚದೆ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ನಿಮಿಷಗಳಲ್ಲಿ ಮಗುಚಿ 193 ಜನ ಸತ್ತರು. 1994ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಕ್ ಸಮುದ್ರದ ಬಿರುಗಾಳಿಯಲ್ಲಿ ‘ಎಸ್ಟೋನಿಯಾ’ ಹಡಗಿನ ಮೂತಿಯೇ ಕಳಚಿಬಿದ್ದು 852 ಜನ ಮುಳುಗಿದರು. ಆಮೇಲೆ ನಿಯಮಗಳು ಬಿಗಿಯಾದವು. ಹಡಗು ಹೊರಟ ಮೇಲೆ ಕಾರಿನಲ್ಲಿ ಮರೆತ ಸ್ವೆಟರ್ ತರಲು ಬಿಡುವುದಿಲ್ಲವೆಂದು ಗೊಣಗುವ ಪ್ರಯಾಣಿಕರು ಈ ಎರಡು ಹೆಸರುಗಳನ್ನು ನೆನಪಿಡುವುದು ಒಳ್ಳೆಯದು.

ಇಷ್ಟೊಂದು ಉಕ್ಕನ್ನು ನೀರಿನಲ್ಲಿ ತಳ್ಳಲು ನಾಲ್ಕು ಸುಲ್ಜರ್ ಡೀಸೆಲ್ ಎಂಜಿನ್‌ಗಳಿವೆ. ನಾಲ್ಕೂ ಸೇರಿ 42 ಮೆಗಾವ್ಯಾಟ್. ಒಂದು ಕಾಲಕ್ಕೆ ಕೋಲಾರದ ಚಿನ್ನದ ಗಣಿಗೆ ಬೆಳಕು ಕೊಟ್ಟ ನಮ್ಮ ಶಿವನಸಮುದ್ರದ ವಿದ್ಯುದಾಗಾರದ ಇಂದಿನ ಸಾಮರ್ಥ್ಯವೂ 42 ಮೆಗಾವ್ಯಾಟೇ. ಕಾವೇರಿಯ ಜಲಪಾತ ಕೊಡುವಷ್ಟನ್ನು ಒಂದು ಹಡಗಿನ ತಳದಲ್ಲಿ ಕೂಡಿಸಿಟ್ಟಿದ್ದಾರೆ.

ಅಷ್ಟು ಯಾಕೆ ಬೇಕು? ಹಡಗು ಮಿತವ್ಯಯಿ ಎಂಬ ಮಾತು ನಿಧಾನದ ಹಡಗಿಗೆ ಮಾತ್ರ ಸಲ್ಲುತ್ತದೆ. ನೀರು ಗಾಳಿಗಿಂತ ಎಂಟುನೂರು ಪಟ್ಟಿಗೂ ಮಿಕ್ಕಿ ದಟ್ಟ. ಸಾಗುವ ಹಡಗು ಮೈಗೆ ಉಜ್ಜುವ ನೀರಿನ ಜೊತೆ ಗುದ್ದಾಡುವುದಲ್ಲದೆ ತಾನೇ ಎಬ್ಬಿಸಿದ ಅಲೆಗಳಿಗೂ ಶಕ್ತಿ ಸುರಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ ಬೇಕಾಗುವ ಅಶ್ವಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: ವೇಗ ಇಮ್ಮಡಿಸಬೇಕಾದರೆ ಎಂಜಿನ್ ಎಂಟು ಪಟ್ಟು. ಇದನ್ನೇ ತಿರುಗಿಸಿ ನೋಡಿ. 27 ನಾಟ್ ವೇಗದಲ್ಲಿ ಹೋಗುವ ಹಡಗನ್ನು 20ಕ್ಕೆ ಇಳಿಸಿದರೆ ಎಂಜಿನ್ ಮೇಲಿನ ಹೊರೆ ಶೇ. 40ಕ್ಕೆ ಬೀಳುತ್ತದೆ. ಪ್ರಯಾಣ ಮೂರು ಗಂಟೆ ಲಂಬಿಸುತ್ತದೆ, ಇಂಧನ ಮಾತ್ರ ಹೆಚ್ಚುಕಡಿಮೆ ಅರ್ಧ ಸಾಕು. ಸರಕಿನ ಹಡಗುಗಳು ತೆವಳುತ್ತ ಹೋಗುವುದು ಇದೇ ಕಾರಣಕ್ಕೆ. ರಾತ್ರಿ ಹತ್ತಿ ಬೆಳಿಗ್ಗೆ ಇಳಿಯಬೇಕೆನ್ನುವ ಪ್ರಯಾಣಿಕರನ್ನು ಹೊತ್ತ ಹಡಗಿಗೆ ಆ ಭಾಗ್ಯವಿಲ್ಲ.

ಒಂದು ಕೈಲೆಕ್ಕ ಹಾಕೋಣ. ಎಂಜಿನ್‌ಗಳು ಸರಾಸರಿ 24 ಮೆಗಾವ್ಯಾಟ್‌ನಲ್ಲಿ ಹತ್ತು ಗಂಟೆ ದುಡಿದವೆಂದು ಇಟ್ಟುಕೊಳ್ಳಿ. 240 ಮೆಗಾವ್ಯಾಟ್-ಗಂಟೆಯಾಯಿತು. ಹಡಗಿನ ಡೀಸೆಲ್ ಎಂಜಿನ್ ಒಂದು ಯೂನಿಟ್ಟಿಗೆ ಸುಮಾರು 200 ಗ್ರಾಂ ಎಣ್ಣೆ ಕುಡಿಯುತ್ತದೆ. ಒಟ್ಟು 48 ಟನ್. ಸಾವಿರ ಜನರಿದ್ದರೆ ತಲೆಗೆ 48 ಕಿಲೋ. ಅದೇ ಜಲಸಂಧಿಯ ಮೇಲೆ ಮೆಲ್ಬರ್ನ್‌ನಿಂದ ಟಾಸ್ಮೇನಿಯಾದ ಲಾನ್ಸೆಸ್ಟನ್‌ಗೆ ಹಾರುವ ಏರ್‌ಬಸ್ 320ಕ್ಕೆ ಮೂರು ಟನ್ನಿನಷ್ಟು ಸಾಕು. 150 ಜನರಿದ್ದರೆ ತಲೆಗೆ 20 ಕಿಲೋ. ವಿಮಾನವೇ ಅಗ್ಗ!

ವಿಮಾನ ಗೆಲ್ಲುವುದು ಎರಡು ಉಪಾಯದಿಂದ. ಹತ್ತು ಕಿಲೋಮೀಟರ್ ಮೇಲೇರಿದರೆ ಗಾಳಿಯ ದಟ್ಟಣೆ ನೆಲಮಟ್ಟದ ಮೂರನೇ ಒಂದು ಭಾಗದಷ್ಟು. ಅಲ್ಲಿ ರೆಕ್ಕೆಯ ವಿನ್ಯಾಸ ಎಷ್ಟು ನಯವೆಂದರೆ ಹದಿನೇಳು ಕಿಲೋ ಭಾರ ಎತ್ತಿಹಿಡಿಯಲು ಒಂದು ಕಿಲೋದಷ್ಟು ತಳ್ಳಿದರೆ ಸಾಕು. ಎರಡನೆಯ ಉಪಾಯ ಜಿಪುಣತನ. ಖಾಲಿ ಏರ್‌ಬಸ್ 320 ಸುಮಾರು 42 ಟನ್, 180 ಆಸನಕ್ಕೆ ಹಂಚಿದರೆ ತಲೆಗೆ ಕಾಲು ಟನ್ನೂ ಬರುವುದಿಲ್ಲ. ಹಡಗಿನ ಪ್ರಯಾಣಿಕನ ಪಾಲಿಗೆ ಹಲವು ಟನ್ ಉಕ್ಕು, ಮೇಲೆ ಹಾಸಿಗೆ, ಊಟದ ಮನೆ, ಸಿನಿಮಾ. ವಿಮಾನದ ದೌರ್ಬಲ್ಯವೂ ಇದೆ. ಮೇಲೇರಲು ಸುಡುವ ಇಂಧನ ದೊಡ್ಡದು, ಹಾರಾಟ ಗಿಡ್ಡವಾದಷ್ಟೂ ಕಿಲೋಮೀಟರಿಗೆ ತಗಲುವ ಖರ್ಚು ಏರುತ್ತದೆ. ಅಷ್ಟು ಎತ್ತರದಲ್ಲಿ ಬಿಟ್ಟ ಹೊಗೆ ಮತ್ತು ಮೋಡದ ಗೆರೆಗಳು ಭೂಮಿಯನ್ನು ಬಿಸಿಮಾಡುವ ಪ್ರಮಾಣ ಇಂಗಾಲದ ಲೆಕ್ಕಕ್ಕಿಂತ ಹೆಚ್ಚು.

ಹಾಗಾದರೆ ಹಡಗಿಗೆ ಅನ್ಯಾಯವಾಯಿತೇ? ಆಯಿತು, ಏಕೆಂದರೆ 48 ಟನ್ನನ್ನೂ ಜನರ ತಲೆಗೆ ಕಟ್ಟಿದೆವು. ಹಡಗಿನ ಹೊಟ್ಟೆಯಲ್ಲಿರುವುದು ಕಾರು, ಲಾರಿ, ಟ್ರೇಲರ್. ಕಾರೊಂದು ಒಂದೂವರೆ ಟನ್, ಅದರೊಳಗಿನ ನಾಲ್ವರು ಸೇರಿ ಮುನ್ನೂರು ಕಿಲೋ ಇರಬಹುದು. ಬ್ರಿಟನ್ ಸರಕಾರ ಪ್ರಕಟಿಸುವ ಹೊಗೆಯ ಪಟ್ಟಿಯಲ್ಲಿ ಫೆರಿಗೆ ಎರಡು ದರಗಳಿವೆ: ಕಾರಿಲ್ಲದೆ ಹತ್ತಿದವನಿಗೆ ಕಿ.ಮೀ.ಗೆ ಸುಮಾರು 19 ಗ್ರಾಂ ಇಂಗಾಲದ ಡೈಆಕ್ಸೈಡ್, ಕಾರಿನೊಡನೆ ಬಂದವನಿಗೆ ಸುಮಾರು 130 ಗ್ರಾಂ. ಹಡಗು ಒಂದೇ, ಎಣ್ಣೆ ಒಂದೇ. ತೂಕದ ಮೇಲೆ ಪಾಲು ಹಾಕಿದ್ದರಿಂದ ಏಳು ಪಟ್ಟು ಅಂತರ. ಬರಿಗೈಯ ಪ್ರಯಾಣಿಕ ಹೇಗೂ ಹೊರಡುವ ಕಾರಿನ ಹಡಗಿನಲ್ಲಿ ಮೂಲೆ ಹಿಡಿದು ಕೂರುವವನು ಎಂಬ ತರ್ಕ ಅದರ ಹಿಂದಿದೆ. ನನಗೆ ಈ ತರ್ಕ ಪೂರ್ತಿ ಒಪ್ಪಿಗೆಯಿಲ್ಲ. ಮೇಲಿನ ಅಂತಸ್ತುಗಳಲ್ಲಿ ಕ್ಯಾಬಿನ್‌ಗಳಿರುವುದು ಕಾರುಗಳಿಗಾಗಿ ಅಲ್ಲವಲ್ಲ!

ಹೊಟ್ಟೆ ತೊಳಸುವವರ ಸಂಗತಿಯನ್ನೂ ಹೇಳಬೇಕು. ಬಾಸ್ ಜಲಸಂಧಿಯ ಆಳ ಸರಾಸರಿ 60 ಮೀಟರ್ ಅಷ್ಟೆ. ಪಶ್ಚಿಮದಿಂದ ಸಾವಿರಾರು ಕಿಲೋಮೀಟರ್ ತಡೆಯಿಲ್ಲದೆ ಉರುಳಿಬಂದ ಅಲೆ ಈ ತೆಳುನೀರಿಗೆ ಬಂದಾಗ ಕಡಿದಾಗುತ್ತದೆ. ಐದಾರು ಸೆಕೆಂಡಿಗೊಮ್ಮೆ ಮೇಲೆ-ಕೆಳಗೆ ತೂಗುವ ಚಲನೆ ಮನುಷ್ಯನಿಗೆ ಅತಿ ಹೆಚ್ಚು ವಾಕರಿಕೆ ತರುತ್ತದೆ. ಹಡಗಿನ ಪಕ್ಕದಿಂದ ನೀರೊಳಗೆ ಚಾಚುವ ರೆಕ್ಕೆಗಳು ಅಡ್ಡ ತೂಗಾಟವನ್ನು ತಗ್ಗಿಸುತ್ತವೆ, ಮೂತಿ ಏರಿ ಇಳಿಯುವುದನ್ನು ತಡೆಯಲಾರವು. 1990ರ ದಶಕದ ಆರಂಭದಲ್ಲಿ ಹೋಬಾರ್ಟ್‌ನ ಇನ್‌ಕ್ಯಾಟ್ ಕಟ್ಟಿದ ಜೋಡಿ ಒಡಲಿನ ವೇಗದ ಹಡಗೊಂದು ಇಲ್ಲಿ ಓಡಿತು; ಸೀಕ್ಯಾಟ್ ಎಂಬ ಅದರ ಹೆಸರನ್ನು ಜನ ವಾಂತಿಕ್ಯಾಟ್ ಎಂಬರ್ಥ ಬರುವಂತೆ ತಿರುಚಿದರು.

ಅದೇ ಇನ್‌ಕ್ಯಾಟ್ 2025ರ ಮೇ ತಿಂಗಳಲ್ಲಿ ‘ಚೀನಾ ಜೊರಿಲ್ಲಾ’ ಎಂಬ 130 ಮೀಟರ್ ಉದ್ದದ, ಬರೀ ಬ್ಯಾಟರಿಯಿಂದ ಓಡುವ ಫೆರಿಯನ್ನು ನೀರಿಗಿಳಿಸಿತು. ಅರ್ಜೆಂಟೀನಾ–ಉರುಗ್ವೆ ನಡುವಿನ ನದೀಮುಖಕ್ಕಾಗಿ ಕಟ್ಟಿದ್ದು. ಬ್ಯಾಟರಿಯ ತೂಕ 250 ಟನ್, ತುಂಬುವ ವಿದ್ಯುತ್ತು 40 ಮೆಗಾವ್ಯಾಟ್-ಗಂಟೆ. ನಮ್ಮ ಕೈಲೆಕ್ಕದ 240ಕ್ಕೆ ಹೋಲಿಸಿ: 48 ಟನ್ ಎಣ್ಣೆಯ ಜಾಗದಲ್ಲಿ 1,500 ಟನ್ ಬ್ಯಾಟರಿ ಹೊರಬೇಕು. ಬಾಸ್ ಜಲಸಂಧಿಗೆ ಸದ್ಯ ಅದು ಆಗದ ಮಾತು. ಟಾಸ್ಮೇನಿಯಾದ ಹೊಸ ಜೋಡಿಯೂ ಫಿನ್ಲೆಂಡ್‌ನಲ್ಲೇ ತಯಾರಾಗಿ ನೈಸರ್ಗಿಕ ಅನಿಲವನ್ನೂ ಉರಿಸಬಲ್ಲದು. ಮೊದಲನೆಯದು 2024ರಲ್ಲಿ ಸಿದ್ಧವಾದಾಗ ಡೆವನ್‌ಪೋರ್ಟ್‌ನಲ್ಲಿ ಅದು ನಿಲ್ಲುವ ಧಕ್ಕೆಯೇ ಆಗಿರಲಿಲ್ಲ, ಹಡಗನ್ನು ಸ್ಕಾಟ್ಲೆಂಡ್‌ನಲ್ಲಿ ಕಟ್ಟಿಹಾಕಬೇಕಾಯಿತು.

ಗಿಡ್ಡ ದಾಟುಗಳಲ್ಲಿ ಲೆಕ್ಕ ಬೇರೆ. ಅಡಿಲೇಡ್‌ನವರು ಕಾಂಗರೂ ದ್ವೀಪಕ್ಕೆ ಕೇಪ್ ಜರ್ವಿಸ್‌ನಿಂದ ಪೆನಶಾಗೆ ಮುಕ್ಕಾಲು ಗಂಟೆಯ ಫೆರಿಯಲ್ಲಿ ದಾಟುತ್ತಾರೆ. ಅದೇ ದ್ವೀಪದ ಕಿಂಗ್‌ಸ್ಕೋಟ್‌ಗೆ ಅರ್ಧ ಗಂಟೆಯ ವಿಮಾನವೂ ಇದೆ. ಏರಿದ್ದೇ ತಡ ಇಳಿಯುವ ಇಂಥ ಹಾರಾಟ ವಿಮಾನದ ದೌರ್ಬಲ್ಯವನ್ನೆಲ್ಲ ಬಯಲು ಮಾಡುತ್ತದೆ. ಇಷ್ಟು ದೂರಕ್ಕೆ ಬ್ಯಾಟರಿಯ ಹಡಗು ಇವತ್ತೇ ಸಾಧ್ಯ, ನಾರ್ವೆಯಲ್ಲಿ 2015ರಿಂದ ಓಡುತ್ತಿದೆ. ಪರ್ತ್‌ನವರು ಎಲ್ಲರಿಗಿಂತ ಅದೃಷ್ಟವಂತರು. ರೈಲಿನಲ್ಲಿ ಫ್ರೀಮ್ಯಾಂಟಲ್‌ಗೆ ಹೋಗಿ, ಅಲ್ಲಿಂದ ಬರೀ ಜನರನ್ನು ಹೊರುವ ಹಗುರ ದೋಣಿಯಲ್ಲಿ ಅರ್ಧ ಗಂಟೆಗೆ ರಾಟ್‌ನೆಸ್ಟ್ ದ್ವೀಪ ಮುಟ್ಟುತ್ತಾರೆ. ಆ ದ್ವೀಪಕ್ಕೆ ಖಾಸಗಿ ಕಾರಿನ ಪ್ರವೇಶವೇ ಇಲ್ಲ. ಬ್ರಿಸ್ಬೇನ್‌ನಿಂದ ಕ್ಲೀವ್‌ಲ್ಯಾಂಡ್‌ವರೆಗೆ ರೈಲು ಹಿಡಿದು ನಾರ್ತ್ ಸ್ಟ್ರಾಡ್‌ಬ್ರೋಕ್ ದ್ವೀಪಕ್ಕೆ ದಾಟುವುದೂ ಇದೇ ಬಗೆ.

ಬ್ಲೇರ್ ಅಥಾಲ್‌ನಿಂದ ಟಾಸ್ಮೇನಿಯಾಕ್ಕೆ ಹೊರಟವರಿಗೆ ನನ್ನ ತೀರ್ಪು ಹೀಗೆ. ಒಬ್ಬರೋ ಇಬ್ಬರೋ, ನಾಲ್ಕೈದು ದಿನದ ಮಟ್ಟಿಗೆ ಹೋಗುವುದಾದರೆ ಹೋಬಾರ್ಟ್‌ಗೆ ನೇರ ವಿಮಾನ ಹಿಡಿಯಿರಿ, ಪಾಪಪ್ರಜ್ಞೆ ಬೇಡ. ಮನೆಮಂದಿಯೆಲ್ಲ ಕಾರು ತುಂಬಿಕೊಂಡು ಎರಡು-ಮೂರು ವಾರ ಸುತ್ತುವುದಾದರೆ ಹಡಗೇ ಸರಿ. ಅದು ಹುಟ್ಟಿರುವುದೇ ಆ ಕೆಲಸಕ್ಕೆ. ಬಿಡುವಿದ್ದು, ಗಟ್ಟಿ ಹೊಟ್ಟೆಯೂ ಇದ್ದರೆ ಓವರ್‌ಲ್ಯಾಂಡ್ ಹತ್ತಿ ನಾರ್ತ್ ಶೋರ್‌ನಲ್ಲಿ ಇಳಿಯಿರಿ, ಆದರೆ ರೈಲು ಓಡುವ ದಿನಕ್ಕೂ ಹಡಗಿನ ವೇಳೆಗೂ ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಯಾವ ದಾರಿಯಲ್ಲಿ ಹೋದರೂ ಮಾವು, ಸೇಬು, ಟೊಮೆಟೊಗಳನ್ನು ಮನೆಯಲ್ಲೇ ಬಿಡಿ. ಹಣ್ಣುನೊಣ ಒಳಗೆ ಬಾರದಂತೆ ಟಾಸ್ಮೇನಿಯಾದವರು ಬಂದರಿನಲ್ಲೂ ವಿಮಾನನಿಲ್ದಾಣದಲ್ಲೂ ಚೀಲ ತಪಾಸಣೆ ಮಾಡುತ್ತಾರೆ.