ಪಡಸಾಲೆಯ ಬೆಳಕಿಗೊಂದು ಲೆನ್ಸ್

ಹೊಸ ಡಿಎಸ್ಎಲ್ಆರ್ ಕೊಳ್ಳಲು ಗದಗಿಗೋ ಹುಬ್ಬಳ್ಳಿಗೋ ಹೋದವರ ಮುಂದೆ ಸಾಮಾನ್ಯವಾಗಿ ಎರಡು ಪೆಟ್ಟಿಗೆ ಬಂದು ಕೂರುತ್ತವೆ. ಒಂದರಲ್ಲಿ ಕ್ಯಾಮೆರಾ ಮತ್ತು 18-55 ಎಂಎಂ ಕಿಟ್ ಲೆನ್ಸ್ ಇರುತ್ತದೆ. ಇನ್ನೊಂದರಲ್ಲಿ ಅವೆರಡರ ಜೊತೆಗೆ 55-250 ಅಥವಾ 70-300 ಎಂಎಂನ ಉದ್ದ ಜೂಮ್ ಕೂಡ ಇರುತ್ತದೆ. ಇನ್ನಷ್ಟು ದುಡ್ಡು ಹಾಕಿದರೆ ದೂರದ್ದೆಲ್ಲ ಹತ್ತಿರ ಬರುತ್ತದೆ ಎಂಬ ಆಸೆಗೆ ಸೋಲದವರು ಕಡಿಮೆ. ರೋಣ ತಾಲ್ಲೂಕಿನ ಅಬ್ಬಿಗೇರಿಯಂಥ ಊರಿನಲ್ಲಿ ಕ್ಯಾಮೆರಾ ಹಿಡಿಯಲು ಹೊರಟವರಿಗೆ ಈ ಲೇಖನ ಹೇಳಬೇಕೆಂದಿರುವುದು ಒಂದೇ ಮಾತು: ಕಿಟ್ ಲೆನ್ಸ್ ಆದಮೇಲೆ ಸ್ವಂತ ಆಯ್ಕೆಯಿಂದ ಕೊಳ್ಳುವ ಮೊದಲ ಲೆನ್ಸ್ ಉದ್ದ ಜೂಮ್ ಆಗಿರಬಾರದು. ಅದು 35 ಎಂಎಂ ಆಸುಪಾಸಿನ, ಎಫ್ 1.8ರಷ್ಟು ದೊಡ್ಡದಾಗಿ ತೆರೆಯುವ, ಜೂಮ್ ಇಲ್ಲದ ಪುಟ್ಟ ಲೆನ್ಸ್ ಆಗಿರಬೇಕು. ಲೆನ್ಸ್ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಎಷ್ಟು ದೂರ ಕಾಣುತ್ತದೆ ಎಂಬುದಲ್ಲ. ನಮ್ಮ ಊರಿನಲ್ಲಿ ಚಿತ್ರ ಎಲ್ಲಿ ಸಿಗುತ್ತದೆ, ಅಲ್ಲಿ ಬೆಳಕೆಷ್ಟು, ಹಿಂದೆ ಸರಿಯಲು ಜಾಗವೆಷ್ಟು ಎಂಬುದು.

ಬಯಲುಸೀಮೆಯ ಹೊಲಗಳನ್ನು ಮೊದಲು ನೋಡೋಣ. ಅಬ್ಬಿಗೇರಿ, ನರೇಗಲ್ಲು, ರೋಣದ ಸುತ್ತಿನ ಎರೆ ಭೂಮಿ ಮರಗಳಿಲ್ಲದೆ ಹರಡಿಕೊಂಡಿದೆ. ಕಡಲೆ, ಜೋಳ, ಕುಸುಬೆ ನಿಂತ ಹೊಲದ ಮೇಲೆ ಬಿಸಿಲಿಗೆ ಅಡ್ಡ ಬರುವುದೇನೂ ಇಲ್ಲ. ಎಳ್ಳಮವಾಸ್ಯೆಗೆ ಚರಗ ಚೆಲ್ಲುವ ಮನೆಮಂದಿ, ರಾಶಿಯ ಕಣ, ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ಸಾಲು, ಇವೆಲ್ಲಕ್ಕೂ ಕಿಟ್ ಲೆನ್ಸ್ ಸಾಕು. ಅಷ್ಟು ಬೆಳಕಿನಲ್ಲಿ ಎಫ್ 8ಕ್ಕೆ ಇಟ್ಟು ತೆಗೆದ ಚಿತ್ರದಲ್ಲಿ ಅಗ್ಗದ ಲೆನ್ಸಿಗೂ ದುಬಾರಿ ಲೆನ್ಸಿಗೂ ಇರುವ ಅಂತರ ಗುರುತಿಸುವುದು ಕಷ್ಟ. ಹೀಗಾಗಿ ಹೊಲಕ್ಕೆಂದು ಹೊಸ ಲೆನ್ಸ್ ಬೇಕಿಲ್ಲ.

ಕಿಟ್ ಲೆನ್ಸ್ ಕೈಕೊಡುವುದು ಮನೆಯೊಳಗೆ ಕಾಲಿಟ್ಟಾಗ. ಈ ಸೀಮೆಯ ಹಳೆಯ ಮನೆಗಳು ಬಿಸಿಲನ್ನು ಹೊರಗಿಡಲೆಂದೇ ಕಟ್ಟಿದವು. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಹೊಗೆ ಹಿಡಿದು ಕಪ್ಪಾದ ತೊಲೆ-ಜಂತಿ, ಮೇಲೊಂದು ಬೆಳಕಿಂಡಿ. ಬೇಸಿಗೆಯ ಮಧ್ಯಾಹ್ನದಲ್ಲೂ ಅಡುಗೆಮನೆಯಲ್ಲಿ ಬೆಳಕು ಒಂದು ಮೂಲೆಗಷ್ಟೇ ಬೀಳುತ್ತದೆ. ಬಾಳಿಕೆಯ ಚಿತ್ರಗಳು ಹುಟ್ಟುವುದೂ ಅಲ್ಲೇ: ರೊಟ್ಟಿ ಬಡಿಯುವ ಅಜ್ಜಿಯ ಕೈ, ತೊಟ್ಟಿಲಲ್ಲಿ ಮಲಗಿಸಿದ ಕೂಸು, ಪಡಸಾಲೆಯಲ್ಲಿ ಕೌದಿ ಹೊಲಿಯುವ ಹೆಂಗಸರು, ರಾತ್ರಿ ಗುಡಿಯಲ್ಲಿ ಭಜನೆಗೆ ಕೂತ ಗಂಡಸರು. ಕಿಟ್ ಲೆನ್ಸನ್ನು 55 ಎಂಎಂಗೆ ಎಳೆದರೆ ಅದು ಎಫ್ 5.6ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ. 35 ಎಂಎಂ ಹತ್ತಿರ ಸುಮಾರು ಎಫ್ 4.5. ಅಪರ್ಚರ್ ಎಂಬುದು ಲೆನ್ಸಿನ ಬೆಳಕಿಂಡಿ ಎಂದುಕೊಂಡರೆ ಅಂಕಿಗಳು ಬೇಗ ಅರ್ಥವಾಗುತ್ತವೆ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಒಳಬರುವ ಬೆಳಕು ಆ ಅಂಕಿಗಳ ಅನುಪಾತದ ವರ್ಗದಷ್ಟು. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ 9.7 ಬರುತ್ತದೆ. 4.5ಕ್ಕೆ ಹೋಲಿಸಿದರೂ ಆರು ಪಟ್ಟಿಗೆ ಕಡಿಮೆಯಿಲ್ಲ. ಅಂದರೆ ಕಿಟ್ ಲೆನ್ಸಿಗೆ 1/15 ಸೆಕೆಂಡ್ ಶಟರ್ ಬೇಕಾದ ಅಡುಗೆಮನೆಯಲ್ಲಿ ಎಫ್ 1.8ರ ಲೆನ್ಸ್ 1/100 ಸೆಕೆಂಡಿನ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಮೊದಲನೆಯದರಲ್ಲಿ ಅಜ್ಜಿಯ ಕೈ ಮಸುಕಾಗಿ ಕರಗಿಹೋಗುತ್ತದೆ, ಎರಡನೆಯದರಲ್ಲಿ ಬಳೆ ಎಣಿಸಬಹುದು.

ಇದಕ್ಕೆ ತಕ್ಷಣ ಬರುವ ಆಕ್ಷೇಪವೊಂದಿದೆ: ಈಗಿನ ಬಹುತೇಕ ಕಿಟ್ ಲೆನ್ಸುಗಳಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದೆಯಲ್ಲ, 1/15 ಆದರೇನು? ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಇದೇ ಸೀಮೆಯ ಸೂಡಿ ಊರಿನ ಜೋಡುಕಳಸದ ಗುಡಿಯ ಒಳಗೆ ಕಂಬವೊಂದರ ಕೆತ್ತನೆ ತೆಗೆಯಬೇಕಿದ್ದರೆ ಆ ವ್ಯವಸ್ಥೆ ನಿಜಕ್ಕೂ ದೊಡ್ಡ ನೆರವು. ಕಲ್ಲು ಅಲ್ಲಾಡುವುದಿಲ್ಲ, ಅಲ್ಲಾಡುವುದು ನಮ್ಮ ಕೈ ಮಾತ್ರ. ಕೆತ್ತನೆಯ ಆಳವೆಲ್ಲ ಸ್ಪಷ್ಟವಾಗಿ ಬರಬೇಕೆಂದರೆ ಕಿಂಡಿಯನ್ನು ಚಿಕ್ಕದಾಗಿಸಲೇಬೇಕಾದ್ದರಿಂದ ಅಲ್ಲಿ ಎಫ್ 1.8ರಿಂದ ಹೆಚ್ಚಿನ ಉಪಯೋಗವೂ ಇಲ್ಲ. ಆದರೆ ಜೀವವಿರುವವರು ಅಲ್ಲಾಡುತ್ತಾರೆ. ನಮ್ಮ ಕೈನಡುಕ ತಡೆಯುವ ಯಂತ್ರ ಎದುರಿನವರ ಕೈಯನ್ನು ನಿಲ್ಲಿಸದು. ಗುಡಿಯ ಶಿಲ್ಪವನ್ನೇ ತೆಗೆಯುವವರಿಗೆ ಕಿಟ್ ಲೆನ್ಸೇ ಇರಲಿ, ಮನೆಯ ಮಂದಿಯನ್ನು ತೆಗೆಯುವವರಿಗೆ ಅದು ಸಾಲದು.

ಫ್ಲ್ಯಾಶ್ ಹಾಕಿದರಾಯಿತು ಎನ್ನುವವರೂ ಇದ್ದಾರೆ. ಕ್ಯಾಮೆರಾದ ತಲೆಯ ಮೇಲೆ ಏಳುವ ಸಣ್ಣ ಫ್ಲ್ಯಾಶ್ ನೇರ ಮುಖಕ್ಕೇ ಹೊಡೆದು ಹಣೆಯನ್ನು ಹೊಳೆಸುತ್ತದೆ, ಬೆನ್ನ ಹಿಂದೆ ಕಡುನೆರಳು ಎಸೆಯುತ್ತದೆ. ಬೆಳಕಿಂಡಿಯಿಂದ ಇಳಿದ ಕೋಲುಬಿಸಿಲನ್ನು ಅಳಿಸಿಹಾಕುವುದು ಎಲ್ಲಕ್ಕಿಂತ ದೊಡ್ಡ ನಷ್ಟ. ಬೇರೆ ಫ್ಲ್ಯಾಶ್ ಕೊಂಡು ಚಾವಣಿಗೆ ಹೊಡೆದು ಬೆಳಕನ್ನು ಮೆತ್ತಗಾಗಿಸುವ ಉಪಾಯ ಪಟ್ಟಣದ ಬಿಳಿ ಚಾವಣಿಯ ಮನೆಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಕಪ್ಪಾದ ಜಂತಿಗೆ ಹೊಡೆದ ಬೆಳಕು ಹಿಂದಿರುಗಿ ಬರುವುದೇ ಅಪರೂಪ. ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆಯನ್ನು, ಅಂದರೆ ಐಎಸ್ಒವನ್ನು, ಏರಿಸುವುದು ಇನ್ನೊಂದು ದಾರಿ. ಇಂದಿನ ಸಾಫ್ಟ್‌ವೇರ್ ಅದರಿಂದ ಕಾಳುಕಾಳಾದ ಚಿತ್ರವನ್ನು ಸಾಕಷ್ಟು ನಯಗೊಳಿಸುತ್ತದೆ ಎಂಬುದು ಒಪ್ಪತಕ್ಕದ್ದೇ. ಹಾಗೆ ನಯಗೊಳಿಸುವಾಗ ಮುಖದ ಸುಕ್ಕು, ಇಳಕಲ್ ಸೀರೆಯ ಅಂಚಿನ ಎಳೆಗಳು ಸಹ ಸವೆಯುತ್ತವೆ. ಐಎಸ್ಒ 6400ರ ಬದಲು 800ರಲ್ಲೇ ತೆಗೆಯಲು ಬರುವಾಗ ಆ ನಷ್ಟ ಏಕೆ ಹೊರಬೇಕು?

ಹಾಗಿದ್ದರೆ ಎಲ್ಲರೂ ಹೇಳುವ 50 ಎಂಎಂ ಎಫ್ 1.8 ಏಕಾಗಬಾರದು? ದೊಡ್ಡದಾಗಿ ತೆರೆಯುವ ಲೆನ್ಸುಗಳಲ್ಲಿ ಅದು ಬಹಳ ಅಗ್ಗ, ಹೊರಗಿನ ಮುಖಚಿತ್ರಕ್ಕೆ ಚೆಂದ. ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸೋನ್ ಬಹುಪಾಲು ಚಿತ್ರಗಳನ್ನು ತೆಗೆದದ್ದೇ 50 ಎಂಎಂನಲ್ಲಿ ಎಂಬ ಮಾತೂ ಅದರ ಬೆಂಬಲಕ್ಕೆ ಬರುತ್ತದೆ. ಆದರೆ ಅವರ ಲೈಕಾ ಕ್ಯಾಮೆರಾದ ಫಿಲ್ಮ್ ಚೌಕಟ್ಟು 36 ಎಂಎಂ ಅಗಲವಿತ್ತು. ಇಂದು ಹೆಚ್ಚಿನವರು ಕೊಳ್ಳುವ ಆರಂಭದ ಡಿಎಸ್ಎಲ್ಆರ್‌ಗಳ ಸೆನ್ಸರ್ ಕ್ಯಾನನ್‌ನಲ್ಲಿ ಸುಮಾರು 22.3 ಎಂಎಂ, ನಿಕಾನ್‌ನಲ್ಲಿ 23.5 ಎಂಎಂ. ಅದೇ 50 ಇಲ್ಲಿ ಹೆಚ್ಚುಕಡಿಮೆ 75-80 ಎಂಎಂನಂತೆ ಇಕ್ಕಟ್ಟಾಗಿ ನೋಡುತ್ತದೆ. ನೆಲ ಅಳೆದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ನಿಂತ ಒಬ್ಬ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ, ಕ್ಯಾಮೆರಾವನ್ನು ನಿಲುವಾಗಿ ಹಿಡಿದು ತೆಗೆಯಲು ಕ್ಯಾನನ್ ಮೇಲಿನ 50 ಎಂಎಂಗೆ ಸುಮಾರು ಹದಿಮೂರು ಅಡಿ ಹಿಂದೆ ಸರಿಯಬೇಕು. ನಿಕಾನ್ ಮೇಲಿನ 35 ಎಂಎಂಗೆ ಒಂಬತ್ತು ಅಡಿ ಸಾಕು. ಹತ್ತು ಅಡಿಯ ಪಡಸಾಲೆಯಲ್ಲಿ ಈ ನಾಲ್ಕು ಅಡಿ ಬಹಳ ದೊಡ್ಡದು. ಒಂದು ಲೆನ್ಸಿನಲ್ಲಿ ಅಜ್ಜನ ಜೊತೆ ಆತ ಕೂತ ಕಟ್ಟೆ, ಗೋಡೆಯ ಗೂಡು, ಪಕ್ಕದ ಕೋಲು ಬರುತ್ತವೆ. ಇನ್ನೊಂದರಲ್ಲಿ ಮುಖ ಮಾತ್ರ ಉಳಿಯುತ್ತದೆ. ಮುಖವೊಂದೇ ಇದ್ದರೆ ಆ ಚಿತ್ರ ಯಾವ ಊರಿನದೂ ಆಗಬಹುದು. ಜೊತೆಗೆ, ಒಂದೂವರೆ ಮೀಟರ್ ದೂರದಲ್ಲಿ 50 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದರೆ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು ಆರು ಸೆಂಟಿಮೀಟರ್ ಮಾತ್ರ. ಕಣ್ಣು ಸ್ಪಷ್ಟ, ಕಿವಿ ಮಸುಕು. 35ರಲ್ಲಿ ಅದು ಎರಡು ಪಟ್ಟಾಗುತ್ತದೆ. ಈಗಷ್ಟೇ ಫೋಕಸ್ ಕಲಿಯುತ್ತಿರುವ ಕೈಗೆ ಅಷ್ಟು ಸಲುಗೆ ಬೇಕು.

ನಿಕಾನ್ ಕೊಂಡವರಿಗೆ ಆಯ್ಕೆ ಸುಲಭ. 2009ರಲ್ಲಿ ಬಂದ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್ 1.8ಜಿ ಈ ಕ್ಯಾಮೆರಾಗಳಿಗೆಂದೇ ಮಾಡಿದ್ದು, ತೂಕ 200 ಗ್ರಾಂ. ಕ್ಯಾನನ್‌ನವರಿಗೆ ಇಷ್ಟು ನೇರವಾದ ಉತ್ತರವಿಲ್ಲ, ಏಕೆಂದರೆ ಆ ಕಂಪನಿಯ ಡಿಎಸ್ಎಲ್ಆರ್ ಲೆನ್ಸುಗಳಲ್ಲಿ ಕಡಿಮೆ ಬೆಲೆಯ 35 ಎಫ್ 1.8 ಇಲ್ಲ. ತೆಳ್ಳನೆಯ 24 ಎಂಎಂ ಎಫ್ 2.8 ಇದೆ, ಪಡಸಾಲೆಯ ಅಗಲಕ್ಕೆ ಹೇಳಿ ಮಾಡಿಸಿದಂತಿದ್ದರೂ ಅದು ಕಿಟ್ ಲೆನ್ಸಿಗಿಂತ ಕೊಡುವ ಹೆಚ್ಚುವರಿ ಬೆಳಕು ಎರಡು ಪಟ್ಟಿನಷ್ಟೇ. ಬೆಳಕನ್ನೇ ಮುಖ್ಯವೆಂದು ಹಿಡಿದರೆ 2015ರ 50 ಎಂಎಂ ಎಫ್ 1.8 ಎಸ್‌ಟಿಎಂ ಕೊಂಡು, ಅಗಲಕ್ಕೆ ಕಿಟ್ ಲೆನ್ಸನ್ನು ಉಳಿಸಿಕೊಳ್ಳುವುದು ವಾಸಿ. ಮೇಲೆ ಹೇಳಿದ ಇಕ್ಕಟ್ಟನ್ನು ತಿಳಿದೇ ಒಪ್ಪಿಕೊಳ್ಳಬೇಕಷ್ಟೆ.

ಉದ್ದ ಜೂಮಿನ ಪರ ಇರುವ ಗಟ್ಟಿ ವಾದ ಹಕ್ಕಿಗಳದು. ಗದಗ ಜಿಲ್ಲೆಯಲ್ಲೇ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಇದೆ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರಾದ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇಷ್ಟು ಹತ್ತಿರ ಇಂಥ ತಾಣ ಇಟ್ಟುಕೊಂಡು ದೂರದ ಲೆನ್ಸ್ ಬೇಡ ಎನ್ನುವುದು ಹೇಗೆ? ಲೆಕ್ಕ ಹಾಕಿ ನೋಡೋಣ. ಮುಕ್ಕಾಲು ಮೀಟರ್ ಉದ್ದದ ಹೆಬ್ಬಾತು ಐವತ್ತು ಮೀಟರ್ ದೂರದಲ್ಲಿ ತೇಲುತ್ತಿದೆ ಎಂದುಕೊಳ್ಳಿ. 250 ಎಂಎಂ ಲೆನ್ಸ್ ಅದನ್ನು ಸೆನ್ಸರ್ ಮೇಲೆ 3.75 ಎಂಎಂ ಉದ್ದಕ್ಕೆ ಮೂಡಿಸುತ್ತದೆ, ಅಂದರೆ ಚೌಕಟ್ಟಿನ ಅಗಲದ ಆರನೇ ಒಂದು ಭಾಗ. ಹಕ್ಕಿ ನೂರು ಮೀಟರ್ ಆಚೆ ಇದ್ದರೆ ಅದರ ಅರ್ಧ. ಕಣ್ಣಿನ ಹೊಳಪು, ಗರಿಯ ಅಂಚು ಬೇಕೆಂದರೆ 500-600 ಎಂಎಂ ಬೇಕು. ಅದರ ಬೆಲೆ ಕ್ಯಾಮೆರಾದ ಬೆಲೆಯನ್ನು ಸಲೀಸಾಗಿ ದಾಟುತ್ತದೆ. ಪೆಟ್ಟಿಗೆಯ ಜೊತೆ ಬರುವ ಜೂಮ್ ಹಕ್ಕಿಗೆ ಗಿಡ್ಡ, ಮನೆಗೆ ಉದ್ದ. ಅಂಥವುಗಳಲ್ಲಿ ಕೆಲವಕ್ಕೆ, ಉದಾಹರಣೆಗೆ ಕ್ಯಾನನ್‌ನ 75-300ಕ್ಕೆ, ಅಲುಗಾಟ ತಡೆಯುವ ವ್ಯವಸ್ಥೆಯೂ ಇಲ್ಲ. ಹೆಬ್ಬಾತು ಬರುವುದು ಚಳಿಗಾಲದ ಕೆಲವು ತಿಂಗಳು, ಅಬ್ಬಿಗೇರಿಯಿಂದ ಅಲ್ಲಿಗೆ ಹೋಗಿಬರುವುದು ವರ್ಷಕ್ಕೆ ಒಂದೆರಡು ಸಲ ಇದ್ದೀತು. ಮನೆಯೊಳಗಿನ ಬದುಕು ದಿನವೂ ಇರುತ್ತದೆ. ಹಕ್ಕಿಗಳ ಹುಚ್ಚು ನಿಜವಾಗಿ ಹಿಡಿದವರು ದುಡ್ಡು ಕೂಡಿಸಿ ನೇರ ದೊಡ್ಡ ಲೆನ್ಸಿಗೇ ಹೋಗುವುದು ಒಳ್ಳೆಯದು.

ಜೂಮ್ ಇಲ್ಲದಿದ್ದರೆ ಕೈ ಕಟ್ಟಿದಂತಾಗುವುದಿಲ್ಲವೇ ಎಂಬ ಅಳುಕಿಗೆ ಈ ಸೀಮೆಯ ಚರಿತ್ರೆಯಲ್ಲೇ ಒಂದು ಉತ್ತರವಿದೆ. ಬಾಂಬೆ ಆರ್ಟಿಲರಿಯ ಥಾಮಸ್ ಬಿಗ್ಸ್ 1855ರಲ್ಲಿ, ಅವರ ನಂತರ ವೈದ್ಯ ವಿಲಿಯಂ ಹೆನ್ರಿ ಪಿಗೌ, ಬಾಂಬೆ ಸರ್ಕಾರದ ಪರವಾಗಿ ಇಲ್ಲಿನ ಗುಡಿಗಳ ಫೋಟೋ ತೆಗೆದರು. ಈ ಇಬ್ಬರ ಮತ್ತು ನೀಲ್ ಎಂಬ ಇನ್ನೊಬ್ಬ ಛಾಯಾಗ್ರಾಹಕರ ಚಿತ್ರಗಳನ್ನು ಸೇರಿಸಿ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರಹದೊಂದಿಗೆ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅವರ ಪೆಟ್ಟಿಗೆ ಕ್ಯಾಮೆರಾಗಳಲ್ಲಿ ಜೂಮ್ ಎಂಬ ಮಾತೇ ಇರಲಿಲ್ಲ. ಚೌಕಟ್ಟು ಬದಲಾಗಬೇಕಿದ್ದರೆ ಕ್ಯಾಮೆರಾವನ್ನೇ ಹೊತ್ತು ಜಾಗ ಬದಲಿಸಬೇಕಿತ್ತು. ಇದು ಬರೀ ಹಳೆಯ ಕಾಲದ ಕಷ್ಟವಲ್ಲ. ಹತ್ತಿರದ ವಸ್ತುವಿಗೂ ಹಿಂದಿನ ವಸ್ತುವಿಗೂ ಇರುವ ಗಾತ್ರದ ಸಂಬಂಧವನ್ನು ತೀರ್ಮಾನಿಸುವುದು ನಾವು ನಿಂತ ಜಾಗ. ಲೆನ್ಸಿನ ಎಂಎಂ ಎಷ್ಟು ಕತ್ತರಿಸಬೇಕೆಂದಷ್ಟೇ ಹೇಳುತ್ತದೆ. ನಿಂತಲ್ಲೇ ಜೂಮ್ ತಿರುಗಿಸುವವರಿಗೆ ಈ ಪಾಠ ತಡವಾಗಿ ಸಿಗುತ್ತದೆ, ಒಂದೇ ಎಂಎಂ ಇರುವವರಿಗೆ ಮೊದಲ ವಾರದಲ್ಲೇ.

ಒಂದು ಕಡೆ ಮಾತ್ರ ಈ ವಾದ ಸಡಿಲವಾಗಬೇಕು. ಮದುವೆ, ಸೀಮಂತ, ಜಾತ್ರೆಯ ಆರ್ಡರ್ ಹಿಡಿದು ದುಡಿಯಲೆಂದೇ ಕ್ಯಾಮೆರಾ ಕೊಂಡವರಿಗೆ ಜಾಗ ಬದಲಿಸಲು ಪುರುಸೊತ್ತಿರುವುದಿಲ್ಲ. ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ಬೀಗರ ನಡುವೆ ಹಿಂದೆ ಮುಂದೆ ಸರಿಯಲಾಗದು. ಅವರಿಗೆ 17-50 ಎಂಎಂ ಎಫ್ 2.8ರಂಥ, ಜೂಮಿನುದ್ದಕ್ಕೂ ಒಂದೇ ಅಳತೆಗೆ ತೆರೆಯುವ ಲೆನ್ಸ್ ಸರಿ. ಸಿಗ್ಮಾ, ಟ್ಯಾಮ್ರಾನ್ ಎರಡೂ ಇದನ್ನು ಮಾಡಿವೆ. ಇಲ್ಲೂ ಆಯ್ಕೆಯನ್ನು ನಿರ್ಧರಿಸಿದ್ದು ಬೆಳಕು ಮತ್ತು ಜಾಗವೇ ಎಂಬುದನ್ನು ಗಮನಿಸಬೇಕು.

ಡಿಎಸ್ಎಲ್ಆರ್ ಕಾಲವೇ ಮುಗಿಯುತ್ತಿರುವಾಗ ಅದಕ್ಕೆ ಲೆನ್ಸ್ ಏಕೆ ಎಂದೂ ಕೇಳಬಹುದು. 2018ರಲ್ಲಿ ಕ್ಯಾನನ್ ಆರ್‌ಎಫ್, ನಿಕಾನ್ ಝಡ್ ಮೌಂಟ್ ತಂದ ಮೇಲೆ ಹೊಸ ಲೆನ್ಸುಗಳೆಲ್ಲ ಮಿರರ್‌ಲೆಸ್ ಕ್ಯಾಮೆರಾಗಳ ಕಡೆಗೇ ಹರಿಯುತ್ತಿವೆ, ನಿಜ. ಆದರೆ ಈ ಪುಟ್ಟ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಅದೇ ಕಂಪನಿಯ ಹೊಸ ಕ್ಯಾಮೆರಾಗಳಲ್ಲೂ ಆಟೋಫೋಕಸ್ ಸಮೇತ ನಡೆಯುತ್ತವೆ. ಜನ ಹಳೆಯದನ್ನು ಮಾರಿ ಹೊಸದಕ್ಕೆ ಹೋಗುತ್ತಿರುವುದರಿಂದ ಸೆಕೆಂಡ್ ಹ್ಯಾಂಡ್ ಪೇಟೆಯೂ ಕೊಳ್ಳುವವರ ಪರವಾಗಿದೆ. ಅಲ್ಲಿ ಎರಡು ಎಚ್ಚರ ಬೇಕು. ನಿಕಾನ್‌ನ ಡಿ3500, ಡಿ5600ರಂಥ ಕ್ಯಾಮೆರಾಗಳೊಳಗೆ ಫೋಕಸ್ ಮೋಟಾರ್ ಇಲ್ಲ. ಅಗ್ಗವೆಂದು ಹಳೆಯ 50 ಎಂಎಂ ಎಫ್ 1.8ಡಿ ಕೊಂಡರೆ ಫೋಕಸ್ಸನ್ನು ಕೈಯಿಂದಲೇ ತಿರುಗಿಸುತ್ತ ಕೂರಬೇಕು, ಆದ್ದರಿಂದ ಹೆಸರಿನಲ್ಲಿ ಎಎಫ್-ಎಸ್ ಇದೆಯೇ ನೋಡಿ. ಎರಡನೆಯದು, ಲೆನ್ಸನ್ನು ಪೂರ್ತಿ ತೆರೆದು ಹಿಂಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಬೆಳ್ಳನೆಯ ಎಳೆ ಕಂಡರೆ ಅದು ಬೂಸ್ಟು, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಒಂದೆರಡು ಧೂಳಿನ ಕಣ ಕಂಡರೆ ಹೆದರಬೇಕಿಲ್ಲ. ರಾಶಿಯ ದಿನಗಳಲ್ಲಿ ಎರೆಮಣ್ಣಿನ ಧೂಳು ಏಳುವ ಹೊಲದಲ್ಲಿ ನಿಂತು ಲೆನ್ಸ್ ಬದಲಿಸುವುದನ್ನು ಮಾತ್ರ ಬಿಡಬೇಕು. ಆ ಧೂಳು ಸೆನ್ಸರ್ ಮೇಲೆ ಕೂತರೆ ಮುಂದಿನ ಚಿತ್ರಗಳಲ್ಲಿ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.

ಇಷ್ಟಾದರೂ ಅನುಮಾನ ಉಳಿದವರು ದುಡ್ಡು ಬಿಚ್ಚುವ ಮುನ್ನ ಕೈಯಲ್ಲಿರುವ ಕಿಟ್ ಲೆನ್ಸನ್ನೇ ಸಾಕ್ಷಿಗೆ ಕರೆಯಬಹುದು. ಪ್ರತಿ ಚಿತ್ರವನ್ನು ಎಷ್ಟು ಎಂಎಂನಲ್ಲಿ, ಯಾವ ಐಎಸ್ಒದಲ್ಲಿ ತೆಗೆದದ್ದು ಎಂದು ಕ್ಯಾಮೆರಾ ಫೈಲಿನೊಳಗೇ ಬರೆದಿಡುತ್ತದೆ. ಒಂದೆರಡು ತಿಂಗಳ ಚಿತ್ರಗಳಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಒಂದು ಕಡೆ, ಮಸುಕಾಗಿ ಕೆಟ್ಟದ್ದನ್ನು ಇನ್ನೊಂದು ಕಡೆ ಇಟ್ಟು ಆ ಅಂಕಿಗಳನ್ನು ಓದಬೇಕು. ಕೆಟ್ಟವುಗಳ ಐಎಸ್ಒ ಮತ್ತೆ ಮತ್ತೆ 3200, 6400 ಎಂದಿದ್ದರೆ ಕೊರತೆ ಬೆಳಕಿನದು. 55 ಎಂಎಂನಲ್ಲೇ ತೆಗೆದು, ಆಮೇಲೂ ಕತ್ತರಿಸಿ ದೊಡ್ಡದು ಮಾಡಿದವೇ ತುಂಬಿದ್ದರೆ ಕೊರತೆ ದೂರದ್ದು. ಅಂಥವರು ಈ ಲೇಖನದ ಮಾತನ್ನು ಬದಿಗಿಟ್ಟು ಉದ್ದ ಲೆನ್ಸಿಗೇ ದುಡ್ಡು ಕೂಡಿಸಲಿ.